ಕಾಲ್ತುದಿಯ ತಾಳಕ್ಕೆ ಕಿವಿಯಿಲ್ಲ

ಇತ್ತೀಚೆಗೆ ನಂಜನಗೂಡಿನ ಕಲ್ಯಾಣ ಮಂಟಪವೊಂದರಲ್ಲಿ ಆರತಕ್ಷತೆಗೆ ಹೋಗಿದ್ದೆ. ವೇದಿಕೆಯ ಪಕ್ಕದಲ್ಲಿ ಗಿಟಾರ್ ಹಿಡಿದ ಯುವಕನೊಬ್ಬ ಒಂಟಿಯಾಗಿ ಹಾಡುತ್ತಿದ್ದ. ಕೇಳಿಬರುತ್ತಿದ್ದುದು ಮಾತ್ರ ಇಡೀ ತಂಡದ ಸದ್ದು. ತಬಲವಿತ್ತು, ಡ್ರಮ್ಸ್ ಇತ್ತು, ನುಡಿಸುವವರು ಇರಲಿಲ್ಲ. ಆತನ ಪಾದದ ಬಳಿ ಅಂಗೈಯಗಲದ ಪೆಟ್ಟಿಗೆಯೊಂದಿತ್ತು. ಕಾಲಿನಿಂದ ಒಮ್ಮೆ ಒತ್ತಿದರೆ ತಾಳ ಆರಂಭ, ನಡುವೆ ಒತ್ತಿದರೆ ಒಂದು ಉರುಳಿಕೆ, ಒತ್ತಿ ಹಿಡಿದರೆ ಚರಣಕ್ಕೆ ಬೇರೊಂದು ನಡೆ, ಎರಡು ಬಾರಿ ತಟ್ಟಿದರೆ ಮುಕ್ತಾಯ.

ಊಟದ ನಂತರ ಆತನನ್ನು ಮಾತನಾಡಿಸಿದೆ. "ನಾಲ್ಕು ಜನ ಬಂದ್ರೆ ಕೊಡೋ ದುಡ್ಡು ನಾಲ್ಕು ಪಾಲಾಗುತ್ತೆ ಸಾರ್. ಒಬ್ಬನೇ ಆದ್ರೆ ಬೈಕಲ್ಲಿ ಬರ್ತೀನಿ, ಮನೆಗೂ ಏನೋ ಉಳಿಯುತ್ತೆ" ಎಂದ. ಆತನಿಗೆ ತಬಲ ನುಡಿಸುತ್ತಿದ್ದ ಟಿ. ನರಸೀಪುರದ ಗೆಳೆಯ ಈಗ ಕಾರ್ಖಾನೆಯ ಪಾಳಿ ಕೆಲಸಕ್ಕೆ ಹೋಗುತ್ತಾನಂತೆ.

ಅರ್ಥಶಾಸ್ತ್ರ ಓದಿದವನಾದ್ದರಿಂದ ನನಗೆ ವಿಲಿಯಂ ಬಾಮಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಬಗ್ಗೆ ಪ್ರಕಟಿಸಿದ ಗ್ರಂಥ ನೆನಪಾಯಿತು. ಕಾರ್ಖಾನೆಗೆ ಯಂತ್ರ ಬಂದಂತೆಲ್ಲ ಕಾರ್ಮಿಕನೊಬ್ಬನ ಉತ್ಪಾದನೆ ಹೆಚ್ಚುತ್ತದೆ, ವೇತನವೂ ಏರುತ್ತದೆ. ಆದರೆ ನಾಲ್ವರು ನುಡಿಸಬೇಕಾದ ಕೃತಿಗೆ ಅಂದೂ ನಾಲ್ವರೇ ಬೇಕಿತ್ತು, ಇಂದೂ ನಾಲ್ವರೇ ಬೇಕು. ಆದ್ದರಿಂದ ಇತರ ಸರಕುಗಳಿಗೆ ಹೋಲಿಸಿದರೆ ಸಂಗೀತ ದುಬಾರಿಯಾಗುತ್ತಲೇ ಹೋಗುತ್ತದೆ ಎಂಬುದು ಅವರ ವಾದದ ತಿರುಳು. ಆ ಗಂಟನ್ನು ಈ ಪೆಟ್ಟಿಗೆ ಬಿಚ್ಚಿದೆ, ನಾಲ್ವರಲ್ಲಿ ಮೂವರನ್ನು ಮನೆಗೆ ಕಳಿಸಿ.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಾಲಿನಿಂದ ಲಯ ಹಿಡಿಯುವುದು ಗೆಜ್ಜೆಯಷ್ಟೇ ಹಳೆಯದು. ವಾದ್ಯವನ್ನು ತಿದ್ದುವುದೂ ಈ ಸೀಮೆಗೆ ಹೊಸದಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು, ಧ್ವನಿವರ್ಧಕ ಅಪರೂಪವಾಗಿದ್ದ ಕಾಲದಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿ ಸೇರಿಸಿದರು. ಆದರೆ ಏಳು ತಂತಿ ಬಂದಿತೆಂದು ಮೃದಂಗದವರು ವೇದಿಕೆಯಿಂದ ಎದ್ದುಹೋಗಬೇಕಾಗಲಿಲ್ಲ. ವ್ಯತ್ಯಾಸವಿರುವುದು ಇಲ್ಲಿ.

ಈ ಪೆಟ್ಟಿಗೆ ವಿಧೇಯ ಸೇವಕ. ಕಾಲಿನಿಂದ ನಾಲ್ಕು ಬಾರಿ ತಟ್ಟಿ ತೋರಿಸಿದರೆ ಅದೇ ವೇಗ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳನ್ನು ಹೊಂದಿಸಲು 1983ರಲ್ಲಿ ಬಂದ ಮಿಡಿ ಎಂಬ ಮಾನದಂಡದಂತೆ ಒಂದೊಂದು ಎಣಿಕೆಯನ್ನೂ 24 ಸೂಕ್ಷ್ಮ ಭಾಗಗಳಾಗಿ ಅಳೆದು, ಜೊತೆಯ ಯಂತ್ರಗಳು ಕೂದಲೆಳೆಯಷ್ಟೂ ಜಾರದಂತೆ ನೋಡಿಕೊಳ್ಳುತ್ತದೆ. ಅದು ಕಾಲಿನ ಮಾತು ಕೇಳುತ್ತದೆ, ಗಂಟಲಿನ ಮಾತು ಕೇಳುವುದಿಲ್ಲ. ಗಾಯಕ ಭಾವದಲ್ಲಿ ಅರೆಗಳಿಗೆ ನಿಂತರೆ ಅದು ನಿಲ್ಲದು.

ಇದೇ ಸೀಮೆಯಲ್ಲಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರನ್ನು ನೆನೆಯಿರಿ. ತಂಬೂರಿ ಹಿಡಿದ ಮುಖ್ಯ ಗಾಯಕ ಜನರ ಮುಖ ನೋಡಿ ಪ್ರಸಂಗವನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಡಕ್ಕಿ, ತಾಳದ ಹಿಮ್ಮೇಳ ಅವನ ಉಸಿರನ್ನು ಹಿಂಬಾಲಿಸುತ್ತದೆ. ಅವನು ದಣಿದಾಗ ಸೊಲ್ಲನ್ನು ಎತ್ತಿಕೊಳ್ಳುತ್ತದೆ. ಈ ಆಲಿಸುವಿಕೆಗೆ ಗುಂಡಿ ಇಲ್ಲ.

ಹೀಗೆ ಹೇಳುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಉತ್ಸವವೊಂದರ ಅಂದಾಜು ಪಟ್ಟಿ ನನ್ನ ಮೇಜಿಗೆ ಬಂದಿತ್ತು. ಜನಪದ ತಂಡವೊಂದರ ಆರು ಹೆಸರುಗಳ ಎದುರು 'ಮೂವರು ಸಾಕು' ಎಂದು ಹಸಿರು ಶಾಯಿಯಲ್ಲಿ ಬರೆದು ಸಹಿ ಮಾಡಿದೆ. ಉಳಿದ ಹಣ ಶಾಮಿಯಾನದ ಒಂದು ದಿನದ ಬಾಡಿಗೆಗೂ ಸಾಲುತ್ತಿರಲಿಲ್ಲ. ಡಕ್ಕಿಯವನು ಬರಲಿಲ್ಲ; ಆ ರಾತ್ರಿ ಹಾಡು ಬೇಗನೆ ಮುಗಿಯಿತು. ಅಲ್ಲಿ ಯಂತ್ರವಿರಲಿಲ್ಲ. ಯಂತ್ರದ ಕೆಲಸವನ್ನು ನನ್ನ ಲೇಖನಿಯೇ ಮಾಡಿತ್ತು.

ಆದ್ದರಿಂದ ದೋಷ ಹೊರಬೇಕಾದವನು ಪೆಟ್ಟಿಗೆ ಕೊಂಡ ಯುವಕನಲ್ಲ, ಹಣ ಕೊಡುವ ನಾವು. ಪಕ್ಕವಾದ್ಯದವರನ್ನು ಕರೆಸಲಾಗದ ಸಣ್ಣ ಕೂಟದಲ್ಲಿ, ಮನೆಯ ಅಭ್ಯಾಸದಲ್ಲಿ ಈ ಸಾಧನ ಪೂರಕ. ಅಲ್ಲಿ ಅದಕ್ಕೆ ಸ್ವಾಗತವಿರಲಿ. ಲಕ್ಷಗಟ್ಟಲೆ ಖರ್ಚಾಗುವ ಮದುವೆಯಲ್ಲಿ, ಜಾತ್ರೆಯಲ್ಲಿ, ಸರ್ಕಾರಿ ಉತ್ಸವದಲ್ಲಿ ಅದು ಮನುಷ್ಯನಿಗೆ ಬದಲಿ. ತಬಲ, ಮೃದಂಗದ ಕಲಾವಿದ ಒಂದೇ ದಿನಕ್ಕೆ ದೊಡ್ಡ ಸಭೆಗೆ ಸಿದ್ಧನಾಗುವುದಿಲ್ಲ. ಇಂಥ ಸಣ್ಣ ವೇದಿಕೆಗಳ ಸಂಭಾವನೆಯಲ್ಲೇ ಆತ ಬೆಳೆಯಬೇಕು. ಈ ಮೆಟ್ಟಿಲನ್ನು ಕಿತ್ತ ಮೇಲೆ, ಪೆಟ್ಟಿಗೆಯೊಳಗೆ ತುಂಬಲು ಸಹ ನಾಳೆ ನುಡಿಸುವವರು ಎಲ್ಲಿಂದ ಬರಬೇಕು?

ಸರ್ಕಾರಿ ಪ್ರಾಯೋಜನೆಯ ಪಟ್ಟಿಯಲ್ಲಿ ಲಯವಾದ್ಯದವರ ಹೆಸರು ಸಂಭಾವನೆಸಹಿತ ಪ್ರತ್ಯೇಕವಾಗಿರಲಿ. ಅದಕ್ಕೆ ಕತ್ತರಿ ಹಾಕುವ ಅಧಿಕಾರಿ ಕಾರಣ ಬರೆಯಲಿ. ಉಳಿದ ನಾವು, ಮನೆಯ ಮದುವೆಗೆ ಹಾಡುವವರನ್ನು ಗೊತ್ತುಮಾಡುವಾಗ, ದರ ಕೇಳುವ ಮೊದಲು ಒಂದು ಮಾತು ಕೇಳೋಣ: "ತಾಳಕ್ಕೆ ಯಾರನ್ನು ಕರೆತರುತ್ತೀರಿ?"