ಅಕ್ಕನ ತಲೆನೋವಿಗೆ ಕಷಾಯ ಸಾಲದು



‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ನಿಮಗೆ ಗೊತ್ತು. ಲೂಪಸ್ ಎಂಬ ಕಾಯಿಲೆಯಲ್ಲಿ ಆಗುವುದೂ ಅದೇ. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ನಮ್ಮ ಚರ್ಮ, ಕೀಲು, ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. 10 ರೋಗಿಗಳಲ್ಲಿ ಸುಮಾರು 9 ಮಂದಿ ಹೆಂಗಸರು. ಅವರಲ್ಲಿ ಚಿಕ್ಕ ವಯಸ್ಸಿನವರೇ ಹೆಚ್ಚು. ನಿಮ್ಮ ಮನೆಯ ಅಕ್ಕನೋ ಚಿಕ್ಕಮ್ಮನೋ ಇರಬಹುದು.

ಈ ಬೇಲಿಯನ್ನು ಹದ್ದಿನಲ್ಲಿಡಲು ವೈದ್ಯರು ಸ್ಟೀರಾಯ್ಡ್ ಮತ್ತಿತರ ಮಾತ್ರೆ ಕೊಡುತ್ತಾರೆ. ಅವು ಜೀವ ಉಳಿಸುವ ಔಷಧಗಳೇ. ಆದರೆ ಬೇಲಿ ತಗ್ಗಿದರೆ ಹೊರಗಿನ ದನಗಳಿಗೆ ದಾರಿ ಸಲೀಸು. ಕ್ಷಯದ ರೋಗಾಣು, ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ, ಕೆಲವು ಬ್ಯಾಕ್ಟೀರಿಯಾ ಮಿದುಳಿನ ಪೊರೆಯವರೆಗೂ ಹೋಗಬಲ್ಲವು. ಇದು ಅಪರೂಪ. ಆದರೆ ತಡವಾದರೆ ಪ್ರಾಣಕ್ಕೇ ಕುತ್ತು.

ತೊಡಕು ಇಲ್ಲಿದೆ. ಲೂಪಸ್ ತಾನೇ ಮಿದುಳನ್ನು ಮುಟ್ಟಿದರೂ ತಲೆನೋವು, ಗೊಂದಲ, ಫಿಟ್ಸ್ ಬರುತ್ತವೆ. ಸೋಂಕಾದರೂ ಅವೇ ಬರುತ್ತವೆ. ಮೊದಲನೆಯದಕ್ಕೆ ಬೇಲಿಯನ್ನು ಇನ್ನಷ್ಟು ತಗ್ಗಿಸಬೇಕು. ಎರಡನೆಯದಕ್ಕೆ ಆ ರೋಗಾಣುವಿನ ಔಷಧವೇ ಬೇಕು. ಅದಿಲ್ಲದೆ ಬೇಲಿ ತಗ್ಗಿಸಿದರೆ ಹಿಂಡೇ ನುಗ್ಗೀತು. ಯಾವುದೆಂದು ತಿಳಿಯಲು ಸ್ಕ್ಯಾನ್ ಜೊತೆಗೆ ಬೆನ್ನುನೀರಿನ ಪರೀಕ್ಷೆ ಮುಖ್ಯ.

‘ಬೆನ್ನಿನಿಂದ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ’ ಎಂದು ಹಿರಿಯರು ಹೆದರುವುದುಂಟು. ಸೂಜಿ ಹಾಕುವುದು ಸೊಂಟದ ಬಳಿ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ತೆಗೆಯುವುದು ಒಂದೆರಡು ಚಮಚದಷ್ಟು. ದೊಡ್ಡವರ ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸ ನೀರು ಮಾಡಿಕೊಳ್ಳುತ್ತದೆ. ಜರ್ಮನಿಯ ವೈದ್ಯ ಹೈನ್‌ರಿಕ್ ಕ್ವಿಂಕೆ 1891ರಲ್ಲೇ ಬಳಕೆಗೆ ತಂದ ವಿಧಾನವಿದು.

ಅಜ್ಜ-ಅಜ್ಜಿಯರೇ, ಲೂಪಸ್ ಇರುವವರಿಗೆ ಜ್ವರದೊಂದಿಗೆ ತಲೆನೋವು, ಬಿಡದ ವಾಂತಿ, ಕುತ್ತಿಗೆ ಬಿಗಿತ, ಮಂಪರು ಕಂಡರೆ ಕಷಾಯ, ಮುಲಾಮು ಎಂದು ಕಾಯಬೇಡಿ. ಅಂದೇ ದೊಡ್ಡ ಆಸ್ಪತ್ರೆಗೆ ಹೊರಡಿ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡಬಲ್ಲದು. ಆದ್ದರಿಂದ ಮೈ ಬಿಸಿ ಇಲ್ಲವೆಂದು ಸುಮ್ಮನಾಗಬೇಡಿ. ಕ್ಷಯದ ಸೋಂಕು ವಾರಗಟ್ಟಲೆ ಸಣ್ಣಗೆ ಕಾಡಿ ಆಮೇಲೆ ಜೋರಾಗುವುದೂ ಉಂಟು. ಮುಖ ಊದಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ದಿಢೀರನೆ ಬಿಟ್ಟರೆ ಅದೂ ಅಪಾಯ.

ಮಕ್ಕಳೇ, ನಿಮಗೂ ಕೆಲಸವಿದೆ. ಅಕ್ಕನ ಪಕ್ಕದಲ್ಲಿ ಕೂತು ಓದುವವರು, ಮಲಗುವವರು ನೀವೇ ತಾನೆ? ಅವಳು ನಿಮ್ಮ ಹೆಸರು ತಪ್ಪಿ ಕರೆದರೆ, ಸಂಬಂಧವಿಲ್ಲದ ಮಾತಾಡಿದರೆ, ಬೆಳಕು ಕಣ್ಣಿಗೆ ಚುಚ್ಚುತ್ತದೆಂದರೆ ನಗಬೇಡಿ. ಓಡಿಹೋಗಿ ದೊಡ್ಡವರಿಗೆ ಹೇಳಿ. ಅವಳ ಮಾತ್ರೆಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವ ಮಾತುಗಳಲ್ಲಿ ಅದೂ ಒಂದು.