ಹಗುರ ಚಾರಣದ ಶೂ: ಕೊಳ್ಳಬೇಕೋ, ಬೇಡವೋ?



ಮಳೆ ಕಡಿಮೆಯಾಗಿ, ಗುಡ್ಡದ ಮುಳಿಹುಲ್ಲು ಇನ್ನೂ ಹಸಿರಾಗಿರುವ ದಿನಗಳು ಬಂದರೆ ನಮ್ಮ ಯುವಕೂಟದಲ್ಲಿ ಚಾರಣದ ಮಾತು ಶುರುವಾಗುತ್ತದೆ. ಪೊಸಡಿ ಗುಂಪೆಗೆ ಹೋಗೋಣವೇ, ರಾಣಿಪುರಕ್ಕೋ, ಇಲ್ಲ ಗಡಿ ದಾಟಿ ಕುಮಾರ ಪರ್ವತಕ್ಕೋ ಎಂಬ ಚರ್ಚೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಅದಕ್ಕೆಂದೇ ಶೂ ತೆಗೆಯಬೇಕಾ?" ಮಕ್ಕಳು ಮೊಬೈಲಿನಲ್ಲಿ ಹಗುರವಾದ, ಬಣ್ಣಬಣ್ಣದ ಟ್ರೇಲ್ ಶೂಗಳನ್ನು ತೋರಿಸುತ್ತಾರೆ. ಅಪ್ಪ ಅಮ್ಮ ಬೆಲೆ ನೋಡಿ ಸುಮ್ಮನಾಗುತ್ತಾರೆ. ಈ ಪ್ರಶ್ನೆಗೆ ನಾವು ಒಂದು ನೇರ ಉತ್ತರ ಹುಡುಕಲು ಹೊರಟಿದ್ದೇವೆ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ತಿಂಗಳಿಗೊಮ್ಮೆಯಾದರೂ ಗುಡ್ಡ ಕಾಡಿನ ದಾರಿಯಲ್ಲಿ ನಡೆಯುವವರಿಗೆ ಹಗುರ ಚಾರಣದ ಶೂ ಕೊಟ್ಟ ಹಣಕ್ಕೆ ಸರಿಯಾದ ವಸ್ತು. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಅದು ಅಗತ್ಯವಿಲ್ಲ. ಅಡಿ ಸವೆಯದ, ಕಾಲಿಗೆ ಸರಿಯಾಗಿ ಕೂರುವ ಸಾಧಾರಣ ಕ್ರೀಡಾ ಶೂ ಸಾಕು. ಇನ್ನು, ಶೂ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ಚಾರಣ ತಪ್ಪಬಾರದು. ಈ ಕೊನೆಯ ಮಾತೇ ನಮಗೆ ಎಲ್ಲಕ್ಕಿಂತ ಮುಖ್ಯ.

ಮೊದಲು ಈ ಶೂ ಏನೆಂದು ನೋಡೋಣ. ಹಳೆಯ ಕಾಲದ ಚರ್ಮದ ಚಾರಣ ಬೂಟು ಒಂದೊಂದೂ 600-700 ಗ್ರಾಂ, ಕೆಲವು ಅದಕ್ಕೂ ಹೆಚ್ಚು ತೂಗುತ್ತವೆ. ಹಗುರ ಟ್ರೇಲ್ ಶೂ ಸುಮಾರು 300-350 ಗ್ರಾಂ. ಮೇಲ್ಭಾಗ ಗಾಳಿಯಾಡುವ ಬಲೆಬಟ್ಟೆ, ನಡುವೆ ಮೆತ್ತನೆಯ ಫೋಮ್, ಅಡಿಯಲ್ಲಿ 3ರಿಂದ 5 ಮಿಲಿಮೀಟರ್ ಎತ್ತರದ ರಬ್ಬರ್ ಹಲ್ಲುಗಳು. ಮುನ್ನೂರು ಗ್ರಾಂ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಆದರೆ ಐದು ಕಿಲೋಮೀಟರ್ ನಡೆಯಲು ನಾವು ಸುಮಾರು ಏಳು ಸಾವಿರ ಹೆಜ್ಜೆ ಇಡುತ್ತೇವೆ. ಅಂದರೆ ಒಂದೊಂದು ಕಾಲನ್ನೂ ಮೂರೂವರೆ ಸಾವಿರ ಸಲ ಎತ್ತುತ್ತೇವೆ. ಪ್ರತಿ ಸಲವೂ ಮುನ್ನೂರು ಗ್ರಾಂ ಹೆಚ್ಚು ಎತ್ತಿದರೆ ಒಂದೇ ಕಾಲಿಗೆ ಒಂದು ಟನ್ನಿಗೂ ಮೀರಿದ ಲೆಕ್ಕವಾಯಿತು. ಶೂವಿನ ತೂಕ ನೂರು ಗ್ರಾಂ ಏರಿದರೆ ಓಡಲು ಬೇಕಾದ ಶಕ್ತಿ ಸುಮಾರು ಶೇಕಡಾ 1ರಷ್ಟು ಏರುತ್ತದೆ ಎಂದು ಓಟಗಾರರ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಬೆನ್ನಿನ ಚೀಲದ ಭಾರಕ್ಕಿಂತ ಕಾಲಿನ ಭಾರ ಹೆಚ್ಚು ದಣಿಸುತ್ತದೆ. ಹಾಗಾಗಿ "ಹಗುರ" ಎನ್ನುವುದು ಬರೀ ಜಾಹೀರಾತಿನ ಮಾತಲ್ಲ.

ಆದರೆ ಶೂ ನಡೆಯುವುದು ಜಾಹೀರಾತಿನ ನೆಲದ ಮೇಲಲ್ಲ, ನಮ್ಮ ನೆಲದ ಮೇಲೆ. ಕಾಸರಗೋಡಿನ ಗುಡ್ಡಗಳೆಂದರೆ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬವರು ಮಲಬಾರಿನಲ್ಲಿ ಇದೇ ಕಲ್ಲನ್ನು ಕಂಡು, ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರೆ. ಬೇಸಿಗೆಯಲ್ಲಿ ಈ ಕಲ್ಲು ಒರಟು. ಯಾವ ಶೂವಾದರೂ ಹಿಡಿಯುತ್ತದೆ, ಅಡಿಯೂ ಬೇಗ ಸವೆಯುತ್ತದೆ. ಅದರ ಮೇಲಿನ ಸಣ್ಣ ಸಣ್ಣ ಗುಂಡುಕಲ್ಲುಗಳು ಮಾತ್ರ ಇಳಿಜಾರಿನಲ್ಲಿ ಕಾಲಡಿ ಉರುಳುತ್ತವೆ. ಮಳೆಗಾಲದಲ್ಲಿ ಕಥೆಯೇ ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಪಾಚಿ ಹಿಡಿದ ಅಂಗಳದಲ್ಲಿ ಬೀಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಅಂಥ ಪಾಚಿಯ ಮೇಲೆ ಹತ್ತು ಸಾವಿರದ ಶೂವೂ ಜಾರುತ್ತದೆ. ಹಲ್ಲುಗಳು ಕೆಸರಿಗೆ, ಸಡಿಲ ಮಣ್ಣಿಗೆ, ಒದ್ದೆ ಹುಲ್ಲಿಗೆ ಒಳ್ಳೆಯವು. ನುಣುಪಾದ ಒದ್ದೆ ಬಂಡೆಯ ಮೇಲೆ ಕೆಲಸ ಮಾಡುವುದು ರಬ್ಬರಿನ ಮೆದುತನ. ಮೆದು ರಬ್ಬರ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಾಳುತ್ತದೆ, ಆದರೆ ಜಾರುತ್ತದೆ. ಎರಡೂ ಒಟ್ಟಿಗೆ ಸಿಗುವುದು ಕಷ್ಟ.

ಶೂ ಅಷ್ಟು ಮುಖ್ಯವಲ್ಲ ಎನ್ನುವವರಿಗೆ ಇಟಲಿಯ ಒಂದು ಘಟನೆ ಹೇಳಬೇಕು. 1935ರಲ್ಲಿ ವಿತಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ತಂಡ ಆಲ್ಪ್ಸ್‌ನ ಪುಂತಾ ರಸಿಕಾ ಶಿಖರಕ್ಕೆ ಹೋಗಿತ್ತು. ಬಂಡೆ ಹತ್ತಲೆಂದು ಅವರು ತೆಳು ಅಡಿಯ ಮೆದು ಶೂ ತೊಟ್ಟಿದ್ದರು. ಹವೆ ಕೆಟ್ಟು ಹಿಮಗಾಳಿ ಬೀಸಿದಾಗ ಆ ಶೂಗಳಲ್ಲಿ ಇಳಿಯಲಾಗದೆ ಆರು ಮಂದಿ ಜೀವ ಕಳೆದುಕೊಂಡರು. ಬದುಕಿ ಉಳಿದ ಬ್ರಮಾನಿ, ಬಂಡೆಗೂ ಹಿಮಕ್ಕೂ ಆಗುವಂಥ ಹಲ್ಲುಗಳುಳ್ಳ ರಬ್ಬರ್ ಅಡಿಯನ್ನು ರೂಪಿಸಿ 1937ರಲ್ಲಿ ಕಂಪೆನಿ ಆರಂಭಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳೇ ಸೇರಿ 'ವಿಬ್ರಮ್' ಆಯಿತು. ಇಂದು ಎಷ್ಟೋ ಚಾರಣದ ಶೂಗಳ ಅಡಿಯಲ್ಲಿ ಕಾಣುವ ಆ ಹಳದಿ ಗುರುತಿನ ಹಿಂದೆ ಆರು ಗೆಳೆಯರ ಸಾವಿದೆ. ಆದ್ದರಿಂದ ಅಡಿ ಸವೆದ ಶೂವಿನಲ್ಲಿ, ಹವಾಯಿ ಚಪ್ಪಲಿಯಲ್ಲಿ ಕಡಿದಾದ ಗುಡ್ಡಕ್ಕೆ ಹೊರಡುವುದನ್ನು ನಾವು ಧೈರ್ಯ ಎಂದು ಕರೆಯುವುದಿಲ್ಲ.

ದುಬಾರಿ ಶೂ ಇಲ್ಲದೆ ಹೆಜ್ಜೆ ಇಡಲಾಗದು ಎನ್ನುವವರಿಗೆ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ಕಥೆಯಿದೆ. ಹನ್ನೊಂದು ಮಕ್ಕಳನ್ನು ಹೆತ್ತು ಬೆಳೆಸಿದ ಆಕೆ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಅಪಲೇಚಿಯನ್ ಹಾದಿಯ 3,200 ಕಿಲೋಮೀಟರಿಗೂ ಹೆಚ್ಚು ದೂರವನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಲ್ಲಿ ಇದ್ದದ್ದು ಸಾಧಾರಣ ಕ್ಯಾನ್ವಾಸ್ ಶೂ. ಹೆಗಲಲ್ಲಿ ಮನೆಯಲ್ಲೇ ಹೊಲಿದ ಒಂದು ಚೀಲ. ದಾರಿಯುದ್ದಕ್ಕೂ ಹಲವು ಜೊತೆ ಶೂ ಸವೆದವು; ಅವರು ಮಾತ್ರ ಸೋಲಲಿಲ್ಲ. ನಡೆಯುವುದು ಕಾಲು, ಶೂ ಅಲ್ಲ ಎಂಬುದನ್ನು ಇವರಿಗಿಂತ ಚೆನ್ನಾಗಿ ತೋರಿಸಿದವರಿಲ್ಲ.

ಈ ಎರಡು ಕಥೆಗಳ ನಡುವೆ ನಮ್ಮ ನಿರ್ಧಾರ ಇರಬೇಕು. ಯಾವ ದಾರಿ, ಎಷ್ಟು ಸಲ, ಎಷ್ಟು ಹೊರೆ ಎಂಬ ಮೂರು ಪ್ರಶ್ನೆ ಕೇಳಿಕೊಳ್ಳಿ.

ಪೊಸಡಿ ಗುಂಪೆ ಸುಮಾರು ಸಾವಿರ ಅಡಿಯ ಗುಡ್ಡ. ಒಣ ದಿನದಲ್ಲಿ ಹಿಡಿತವಿರುವ ಯಾವ ಶೂವಾದರೂ ಆದೀತು. ರಾಣಿಪುರ ಸುಮಾರು 750 ಮೀಟರ್ ಎತ್ತರದಲ್ಲಿದೆ. ಹಿಂದೆ ಮಾಡತ್ತುಮಲ ಎಂದಿದ್ದ ಈ ಜಾಗಕ್ಕೆ, 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯವು ವಲಸೆಗಾರರನ್ನು ನೆಲೆಗೊಳಿಸಿದಾಗ, ಮರಿಯಮ್ಮನವರ ಗೌರವಾರ್ಥ ಈ ಹೆಸರು ಬಂತು. ಅಲ್ಲಿನ ಕಾಡುದಾರಿಯಲ್ಲಿ ಮಳೆಗಾಲದಲ್ಲಿ ಬೇರು, ಕೆಸರು, ಮತ್ತೆ ಉಂಬುಳ. ಹಲ್ಲುಗಳಿರುವ ಶೂ ಅಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಉಂಬುಳಕ್ಕೆ ಮಾತ್ರ ಶೂ ಮದ್ದಲ್ಲ, ಮೊಣಕಾಲಿನವರೆಗಿನ ಕಾಲುಚೀಲ ಮತ್ತು ಒಂದು ಹಿಡಿ ಉಪ್ಪೇ ಮದ್ದು. ಕುಮಾರ ಪರ್ವತ 1,712 ಮೀಟರ್. ಸುಬ್ರಹ್ಮಣ್ಯದಿಂದ ಹೋಗಿ ಬರುವಾಗ ಇಪ್ಪತ್ತು ಕಿಲೋಮೀಟರ್ ದಾಟುತ್ತದೆ. ಹತ್ತುವಾಗ ಉಸಿರು, ಇಳಿಯುವಾಗ ಮೊಣಕಾಲು ಮತ್ತು ಕಾಲ್ಬೆರಳು ಪರೀಕ್ಷೆಗೆ ಒಳಗಾಗುತ್ತವೆ. ಇಂಥ ದಾರಿಗೆ ಒಳ್ಳೆಯ ಶೂ ಇದ್ದರೆ ಮರುದಿನ ಕೆಲಸಕ್ಕೆ ಹೋಗಬಹುದು.

ಇನ್ನು ಹಣದ ಲೆಕ್ಕ. ಬೆಲೆಯನ್ನು ನಡೆಯುವ ಸಲಗಳಿಂದ ಭಾಗಿಸಿ. ನಾಲ್ಕು ಸಾವಿರದ ಶೂವಿನಲ್ಲಿ ನಲ್ವತ್ತು ಸಲ ನಡೆದರೆ ಒಂದು ಸಲಕ್ಕೆ ನೂರು ರೂಪಾಯಿ. ನಾಲ್ಕೇ ಸಲ ನಡೆದರೆ ಒಂದು ಸಲಕ್ಕೆ ಸಾವಿರ. "ಇಟ್ಟರೆ ಮುಂದಕ್ಕಾಯಿತು" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕೆಲವು ಶೂಗಳ ನಡುಪದರದಲ್ಲಿರುವ ಪಾಲಿಯುರೆಥೇನ್ ತೇವಾಂಶದಿಂದ ತಾನಾಗಿಯೇ ಪುಡಿಯಾಗುತ್ತದೆ, ಅಂಟೂ ಬಿಡುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಕಪಾಟಿನೊಳಗೆ ವರ್ಷಗಟ್ಟಲೆ ಕೂತ ಶೂ ಹೊಸದರಂತೆಯೇ ಕಾಣುತ್ತದೆ, ಗುಡ್ಡದ ಅರ್ಧ ದಾರಿಯಲ್ಲಿ ಅಡಿ ಕಳಚಿಕೊಳ್ಳುತ್ತದೆ. ಬಳಸಿದರೂ ಹಗುರ ಶೂ ಅಜರಾಮರವಲ್ಲ: ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಫೋಮ್ ಸತ್ತುಹೋಗುತ್ತದೆ. ಚರ್ಮದ ಬೂಟಿನಂತೆ ಅಡಿ ಬದಲಿಸಿ ಹೊಲಿಸಿಕೊಳ್ಳಲೂ ಆಗದು. ಅಂದರೆ ಹಗುರತನಕ್ಕಾಗಿ ನಾವು ಬಾಳಿಕೆಯನ್ನು ಬಿಟ್ಟುಕೊಡುತ್ತೇವೆ. ನಡೆಯುವವನಿಗೆ ಈ ವ್ಯಾಪಾರ ಲಾಭ, ಇಟ್ಟುಕೊಳ್ಳುವವನಿಗೆ ನಷ್ಟ. ಇನ್ನೂ ಕಾಲು ಬೆಳೆಯುತ್ತಿರುವ ಹೈಸ್ಕೂಲು ಮಕ್ಕಳಿಗೆ ದುಬಾರಿ ಶೂ ಕೊಡಿಸುವುದೂ ಇದೇ ಕಾರಣಕ್ಕೆ ಬೇಡ ಎನ್ನುತ್ತೇವೆ.

ಅಂಗಡಿಯಲ್ಲಿ "ವಾಟರ್‌ಪ್ರೂಫ್" ಎಂಬ ಚೀಟಿ ನೋಡಿ ಸಾವಿರ ಎರಡು ಸಾವಿರ ಹೆಚ್ಚು ಕೊಡಬೇಡಿ. ನಮ್ಮ ಮಳೆ ಅಡಿಯಿಂದ ಬರುವುದಿಲ್ಲ. ಕಾಲಿನ ಮೇಲಿಂದ ಇಳಿದು ಶೂವಿನ ಬಾಯಿಗೇ ಹೋಗುತ್ತದೆ. ತೋಡು ದಾಟಿದರೂ ಅಷ್ಟೇ. ಒಳಬಂದ ನೀರನ್ನು ಆ ಪದರವೇ ಹೊರಗೆ ಬಿಡುವುದಿಲ್ಲ. ಬಲೆಬಟ್ಟೆಯ ಶೂ ಬೇಗ ಒದ್ದೆಯಾಗುತ್ತದೆ, ನಡೆಯುತ್ತಲೇ ನೀರನ್ನು ಹೊರಗೆ ಹಾಕುತ್ತದೆ, ಬೇಗ ಒಣಗುತ್ತದೆ. ಮನೆಗೆ ಬಂದ ಮೇಲೆ ಒಳಹಾಸು ತೆಗೆದು, ಹಳೆಯ ಪೇಪರು ತುರುಕಿ ನೆರಳಲ್ಲಿ ಇಡಿ. ಒಲೆಯ ಬದಿಯಲ್ಲಿಟ್ಟರೆ ಅಂಟು ಬಿಡುತ್ತದೆ.

ಕೊಳ್ಳುವುದೇ ಆದರೆ ಸಂಜೆ ಹೊತ್ತು ಹೋಗಿ. ದಿನವಿಡೀ ನಡೆದು ಪಾದ ತುಸು ಊದಿರುತ್ತದೆ, ಗುಡ್ಡದಲ್ಲೂ ಹಾಗೆಯೇ ಊದುತ್ತದೆ. ಚಾರಣಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಮಾತ್ರ ಮೇಲೆ ಕೆಳಗೆ ಆಡಬಾರದು. ಮೆಟ್ಟಿಲಿದ್ದರೆ ಹತ್ತಿ ಇಳಿದು ನೋಡಿ. ಹಿಂದೆ ಪಾದ ಉಳುಕಿದವರು, ಹದಿನೈದು ಕಿಲೋ ಹೊರೆ ಹೊರುವವರು ಹಗುರ ಶೂ ಬಿಟ್ಟು ಗಟ್ಟಿಯಾದ, ಎತ್ತರದ ಬೂಟು ನೋಡುವುದು ಒಳ್ಳೆಯದು. ಹೊಸ ಶೂವನ್ನು ನೇರ ಗುಡ್ಡಕ್ಕೆ ಒಯ್ಯಬೇಡಿ. ಒಂದು ವಾರ ತೋಟದಲ್ಲಿ, ಪೇಟೆಗೆ ಹೋಗಿ ಬರುವಾಗ ಹಾಕಿ ಕಾಲಿಗೆ ಒಗ್ಗಿಸಿಕೊಳ್ಳಿ.

ಈಗ ನಮ್ಮನ್ನು ನಿಜವಾಗಿ ಕಾಡುವ ವಿಷಯಕ್ಕೆ ಬರುತ್ತೇವೆ. ಇತ್ತೀಚೆಗೆ ಎಲ್ಲೆಡೆಯ ಚಾರಣದ ಸಂದೇಶಗಳಲ್ಲಿ "ಟ್ರೆಕ್ಕಿಂಗ್ ಶೂ ಕಡ್ಡಾಯ" ಎಂಬ ಸಾಲು ಕಾಣುತ್ತದೆ. ಬರೆಯುವವರ ಉದ್ದೇಶ ಸುರಕ್ಷತೆಯೇ ಇರಬಹುದು. ಆದರೆ ಆ ಸಾಲನ್ನು ಅಡಿಕೆ ಸುಲಿದು, ಬೀಡಿ ಕಟ್ಟಿ ಮನೆ ನಡೆಸುವ ಕುಟುಂಬದ ಹುಡುಗ ಓದಿದರೆ ಏನಾಗುತ್ತದೆ? ಅವನು "ನನ್ನಲ್ಲಿ ಶೂ ಇಲ್ಲ" ಎಂದು ಹೇಳುವುದಿಲ್ಲ. "ಆ ದಿನ ಬೇರೆ ಕೆಲಸ ಉಂಟು" ಎನ್ನುತ್ತಾನೆ. ಇಲ್ಲವೇ ಮನೆಯಲ್ಲಿ ಹಟ ಮಾಡುತ್ತಾನೆ. ಅಮ್ಮ ಸಾಲ ಮಾಡಿ ತಂದುಕೊಡುತ್ತಾಳೆ. ಎರಡರಲ್ಲಿ ಯಾವುದಾದರೂ ನಾವು ಸೋತಂತೆಯೇ. ತಮಾಷೆ ಎಂದರೆ, ಕೂಟದಲ್ಲಿ ಎಲ್ಲರಿಗಿಂತ ಗಟ್ಟಿ ಕಾಲು ಅಂಥವನದ್ದೇ ಇರುತ್ತದೆ. ದಿನವೂ ಬರಿಗಾಲಲ್ಲಿ ತೋಟ ಗುಡ್ಡ ಸುತ್ತುವವನಿಗೆ ಹೊಸ ಶೂ ತೊಟ್ಟವರಿಗಿಂತ ಜಾರುಬಂಡೆಯ ಗುಣ ಚೆನ್ನಾಗಿ ಗೊತ್ತು.

ಹಾಗಾದರೆ ಸುರಕ್ಷತೆ? ಅದಕ್ಕೂ ದಾರಿ ಇದೆ. ನಮ್ಮ ಸಲಹೆ ಮೂರು.

ಒಂದು, ಸಂದೇಶದಲ್ಲಿ "ಟ್ರೆಕ್ಕಿಂಗ್ ಶೂ ಕಡ್ಡಾಯ" ಎಂಬುದರ ಬದಲು "ಅಡಿ ಸವೆಯದ, ಹಿಂದೆ ಕಟ್ಟಿರುವ, ಕಾಲಿಗೆ ಸರಿಯಾದ ಪಾದರಕ್ಷೆ ಬೇಕು, ಇಲ್ಲದವರು ಮುಂಚೆ ತಿಳಿಸಿ" ಎಂದು ಬರೆಯೋಣ. ಹೊರಡುವ ಹಿಂದಿನ ಭಾನುವಾರ ಇಬ್ಬರು ಕುಳಿತು ಎಲ್ಲರ ಶೂವಿನ ಅಡಿ ನೋಡಲಿ. ದುಬಾರಿ ಶೂವಿನ ಅಡಿಯನ್ನೂ ನೋಡಲಿ.

ಎರಡು, ಇಗರ್ಜಿಯ ಸಭಾಭವನದಲ್ಲಿ ಒಂದು ಶೂ ಕಪಾಟು ಇರಲಿ. ಕಾಲು ಬೆಳೆದು ಚಿಕ್ಕದಾದ, ಇನ್ನೂ ಗಟ್ಟಿಯಿರುವ ಶೂಗಳನ್ನು ತೊಳೆದು, ಒಣಗಿಸಿ, ಅಳತೆ ಬರೆದು ಇಡೋಣ. ಬೇಕಾದವರು ಯಾರನ್ನೂ ಕೇಳದೆ ತೆಗೆದುಕೊಳ್ಳಲಿ, ತಂದಿಡಲಿ. ಕೇಳಬೇಕಾದ ಮುಜುಗರ ಇಲ್ಲದಿದ್ದರೆ ಮಾತ್ರ ಇಂಥ ಕಪಾಟು ನಡೆಯುತ್ತದೆ. ವರ್ಷಕ್ಕೊಮ್ಮೆ ಅಡಿಯನ್ನು ಬಗ್ಗಿಸಿ ನೋಡಿ, ಬಿರುಕು ಬಿಟ್ಟದ್ದನ್ನು ಎಸೆಯೋಣ.

ಮೂರು, ಶೂವಿಗೆ ತಕ್ಕ ದಾರಿ ಹುಡುಕುವುದರ ಬದಲು ನಮ್ಮಲ್ಲಿರುವ ಕಾಲುಗಳಿಗೆ ತಕ್ಕ ದಾರಿ ಮತ್ತು ದಿನ ಆರಿಸೋಣ. ಜುಲೈಯ ಮಳೆಯಲ್ಲಿ ಕಡಿದಾದ ಬಂಡೆ ಬೇಡ. ಡಿಸೆಂಬರಿನ ಒಣ ಗುಡ್ಡ ಇದೆಯಲ್ಲ. ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ದಾರಿ ತೆರೆದಿದೆಯೇ ಎಂದು ವಿಚಾರಿಸೋಣ. ಎಲ್ಲರಿಗಿಂತ ನಿಧಾನ ನಡೆಯುವವರ ಜೊತೆ ಕೊನೆಯವರೆಗೂ ಒಬ್ಬರು ಇರಲಿ. ಬಿದ್ದವರನ್ನು ಎತ್ತುವುದು ಶೂ ಅಲ್ಲ, ಪಕ್ಕದಲ್ಲಿರುವ ಕೈ.

ನಿಯಮಿತವಾಗಿ ನಡೆಯುವವರು ಹಗುರ ಶೂ ಕೊಳ್ಳಿ, ಸಂತೋಷದಿಂದ ಕೊಳ್ಳಿ, ಅಡಿ ಸವೆಯುವಷ್ಟು ನಡೆಯಿರಿ. ಉಳಿದವರು ಆ ಹಣವನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟು ಮೊದಲು ನಾಲ್ಕು ಸಲ ನಮ್ಮೊಂದಿಗೆ ಬನ್ನಿ. ಐದನೆಯ ಸಲವೂ ಬರಬೇಕು ಅನ್ನಿಸಿದರೆ ಅಂಗಡಿ ಎಲ್ಲಿಗೂ ಹೋಗಿರುವುದಿಲ್ಲ. ಮನೆಯಲ್ಲಿ ಚಿಕ್ಕದಾದ ಶೂ ಇದ್ದರೆ ಮುಂದಿನ ಭಾನುವಾರ ಪೂಜೆಗೆ ಬರುವಾಗ ತನ್ನಿ. ಕಪಾಟು ನಾವು ಹುಡುಕುತ್ತೇವೆ.