ಕೈ ಮೇಲೆತ್ತಿದವನಿಗೆ ಗುಂಡು ಬೇಡ

ರಾತ್ರಿ ಹಾಸ್ಟೆಲ್‌ನಲ್ಲಿ ನಾವು ಬಿಜಿಎಂಐ ಆಡ್ತೀವಿ. ಏಟು ತಿಂದ ಎದುರಾಳಿ ನೆಲದ ಮೇಲೆ ತೆವಳ್ತಾ ಇದ್ರೆ ‘ಫಿನಿಶ್ ಮಾಡೋ ಮಗಾ’ ಅಂತ ಎಲ್ಲರೂ ಕಿರುಚ್ತೀವಿ. ಗೇಮ್‌ನಲ್ಲಿ ಅದು ಸರಿ. ಆದರೆ ನಿಜವಾದ ಯುದ್ಧದ ಸುದ್ದಿ ಬಂದಾಗಲೂ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಅದೇ ಮಾತು: ‘ಶರಣಾದ್ರೇನು, ಶತ್ರು ಶತ್ರುನೇ.’ ಈ ಮಾತು ತಪ್ಪು ಅನ್ನೋದು ನಮ್ಮ ಅಭಿಪ್ರಾಯ.

ಮೊದಲು ನಿಯಮ ನೋಡೋಣ. ಆಯುಧ ಕೆಳಗಿಟ್ಟು ಶರಣಾದ ಸೈನಿಕನನ್ನು ಕೊಲ್ಲುವುದನ್ನು 1907ರ ಹೇಗ್ ನಿಯಮಗಳು ನಿಷೇಧಿಸಿವೆ. ‘ಯಾರನ್ನೂ ಜೀವಂತ ಬಿಡಲ್ಲ’ ಎಂದು ಘೋಷಿಸುವುದೂ ನಿಷಿದ್ಧ. 1949ರ ಮೂರನೇ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಗೆ ಊಟ, ಚಿಕಿತ್ಸೆ, ಮನೆಗೆ ಪತ್ರ ಬರೆಯುವ ಅವಕಾಶ ಕೊಡಲೇಬೇಕು.

ಇದು ಬರೀ ದಯೆಯ ಮಾತಲ್ಲ, ಲೆಕ್ಕಾಚಾರವೂ ಹೌದು. ಶರಣಾದ್ರೂ ಸಾಯ್ತೀನಿ ಅಂತ ಗೊತ್ತಿರುವವನು ಕೊನೆಯ ಗುಂಡಿನವರೆಗೂ ಹೋರಾಡ್ತಾನೆ. ಆ ಗುಂಡು ತಗಲೋದು ನಮ್ಮ ಹುಡುಗರಿಗೆ. 1971ರಲ್ಲಿ ಜನರಲ್ ಮಾಣೆಕ್‌ಶಾ ಅವರಿಗೆ ಇದು ಗೊತ್ತಿತ್ತು. ‘ಶರಣಾಗಿ, ನಿಮ್ಮನ್ನು ಜಿನೀವಾ ಒಪ್ಪಂದದಂತೆ ನಡೆಸಿಕೊಳ್ಳುತ್ತೇವೆ’ ಎಂಬ ಸಂದೇಶವನ್ನು ಅವರು ರೇಡಿಯೋದಲ್ಲಿ, ಕರಪತ್ರಗಳಲ್ಲಿ ಪಾಕ್ ಸೈನಿಕರಿಗೆ ಮತ್ತೆ ಮತ್ತೆ ಕಳಿಸಿದರು. ಡಿಸೆಂಬರ್ 16ರಂದು ಢಾಕಾದಲ್ಲಿ ಲೆಫ್ಟಿನೆಂಟ್ ಜನರಲ್ ನಿಯಾಜಿ ಸಹಿ ಹಾಕಿದ ಶರಣಾಗತಿ ಪತ್ರದಲ್ಲೂ ಅದೇ ಭರವಸೆ ಇತ್ತು. ಸುಮಾರು 93,000 ಜನ ನಮ್ಮ ಸೆರೆಯಾದರು. ಅದೇ ಸೈನ್ಯ ಬಂಗಾಳಿಗಳ ಮೇಲೆ ಭೀಕರ ದೌರ್ಜನ್ಯ ಎಸಗಿತ್ತು. ಆದರೂ ಕೊಟ್ಟ ಮಾತಿನಂತೆ ಅವರನ್ನು ಕಾಪಾಡಿ, 1974ರ ಹೊತ್ತಿಗೆ ವಾಪಸ್ ಕಳಿಸಿದೆವು. ಅವರಲ್ಲಿ 195 ಜನರ ಮೇಲಿದ್ದ ಯುದ್ಧಾಪರಾಧದ ವಿಚಾರಣೆ ಕೊನೆಗೆ ನಡೆಯಲೇ ಇಲ್ಲ. ಅದು ಅನ್ಯಾಯ ಅಂತ ನಮಗೂ ಅನ್ಸುತ್ತೆ. ಆದರೆ ಆ ಅನ್ಯಾಯಕ್ಕೆ ಉತ್ತರ ಕೋರ್ಟಿನಲ್ಲಿ ಸಿಗಬೇಕಿತ್ತು, ಬಂದೂಕಿನಲ್ಲಿ ಅಲ್ಲ.

‘ಹಾಗಾದ್ರೆ ಸೌರಭ್ ಕಾಲಿಯಾ?’ ಅಂತ ಗೆಳೆಯರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. 1999ರಲ್ಲಿ ಕಾರ್ಗಿಲ್‌ನಲ್ಲಿ ಸೆರೆಸಿಕ್ಕ ಕ್ಯಾಪ್ಟನ್ ಕಾಲಿಯಾ ಮತ್ತು ಐವರು ಜವಾನರಿಗೆ ಚಿತ್ರಹಿಂಸೆ ಕೊಟ್ಟು ಕೊಂದರು ಎಂದು ಭಾರತ ದೂರಿತು, ಪಾಕಿಸ್ತಾನ ನಿರಾಕರಿಸಿತು. ನಮಗೆ ಇವತ್ತಿಗೂ ರಕ್ತ ಕುದಿಯುತ್ತೆ. ಯಾಕೆ ಕುದಿಯುತ್ತೆ? ಕೈಗೆ ಸಿಕ್ಕವನನ್ನು ಹಾಗೆ ಮಾಡಬಾರದು ಅಂತ ನಾವು ನಂಬಿರೋದ್ರಿಂದ. ಆ ನಿಯಮವನ್ನು ನಾವೇ ಬಿಟ್ಟುಬಿಟ್ರೆ ಅವರನ್ನು ಯಾವ ಬಾಯಲ್ಲಿ ಕೇಳೋದು?

ಶರಣಾದಂತೆ ನಟಿಸಿ ಗುಂಡು ಹಾರಿಸುವವರೂ ಇರ್ತಾರೆ, ನಿಜ. ಆ ಮೋಸವೂ ಯುದ್ಧಾಪರಾಧವೇ. ಎದುರಿಗಿರುವ ಸೈನಿಕ ಸುಮ್ಮನೆ ನಂಬಬೇಕು ಅಂತ ಯಾರೂ ಹೇಳಲ್ಲ. ದೂರದಲ್ಲೇ ನಿಲ್ಲಿಸಲಿ, ಆಯುಧ ಹಾಕಿಸಲಿ, ತಪಾಸಣೆ ಮಾಡಲಿ. ಅನುಮಾನ ಇದೆ ಅಂತ ಎಲ್ಲರನ್ನೂ ಕೊಲ್ಲೋದು ಎಚ್ಚರಿಕೆ ಅಲ್ಲ.

ಇನ್ನು ನಮ್ಮದೇ ವಿಷಯ. 1991ರ ಕೊಲ್ಲಿ ಯುದ್ಧದಲ್ಲಿ ಕುವೈತ್‌ನ ಫೈಲಕಾ ದ್ವೀಪದಲ್ಲಿದ್ದ ಇರಾಕಿ ಸೈನಿಕರು ತಲೆಯ ಮೇಲೆ ಹಾರುತ್ತಿದ್ದ ಅಮೆರಿಕದ ಡ್ರೋನ್‌ಗೆ ಬಿಳಿ ಬಟ್ಟೆ ಬೀಸಿ ಶರಣಾದರು. ಕ್ಯಾಮೆರಾದ ಆಚೆ ಮನುಷ್ಯರಿದ್ದರು, ನೋಡಿದರು, ಅರ್ಥ ಮಾಡಿಕೊಂಡರು. ನಾಳೆ ತಾನೇ ಗುರಿ ಹುಡುಕಿ ಹೊಡೆಯುವ ಡ್ರೋನ್ ಬಂದರೆ? ಅದರ ಕೋಡ್ ಬರೆಯೋರು ನಾವೇ, ನಮ್ಮ ಸೀನಿಯರ್‌ಗಳೇ. ಡೇಟಾಸೆಟ್‌ನಲ್ಲಿ ‘ಶತ್ರು’ ಅನ್ನೋ ಒಂದೇ ಲೇಬಲ್ ಇದ್ದರೆ, ಕೈ ಮೇಲೆತ್ತಿದವನೂ ಅದಕ್ಕೆ ಶತ್ರುನೇ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಹೊಡೆಯುವ ಮುನ್ನ ಒಬ್ಬ ಮನುಷ್ಯ ನೋಡಲಿ, ಹೊಡೆತ ನಿಲ್ಲಿಸುವ ದಾರಿ ಸಿಸ್ಟಮ್‌ನಲ್ಲಿರಲಿ. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಪ್ಯಾಕೇಜ್ ಜೊತೆಗೆ ಈ ಪ್ರಶ್ನೆಯನ್ನೂ ಕೇಳೋಣ.